ಸುಂಕದವನ ಮುಂದೆ ಸುಖದುಃಖ

(ನಿವೃತ್ತ ಕಸ್ಟಮ್ಸ್ ಅಧಿಕಾರಿಯಿಂದ ಓದುಗರ ಪ್ರಶ್ನೆಗಳಿಗೆ ಉತ್ತರ)

ಪ್ರಶ್ನೆ: ನಮ್ಮ ಅಳಿಯಂದಿರು ಅಮೆರಿಕದ ಆರ್ಲ್ಯಾಂಡೊದಲ್ಲಿ ಎಂಜಿನಿಯರ್. ಖಾಸಗಿ ಪೈಲಟ್ ಪರವಾನಗಿ ಪಡೆದಿದ್ದಾರೆ. ಡಿಸೆಂಬರಿನಲ್ಲಿ ನಾವು ಹೋದಾಗ ಬಾಡಿಗೆಯ ನಾಲ್ಕು ಸೀಟಿನ ಸೆಸ್ನಾ ವಿಮಾನದಲ್ಲಿ ಬಹಾಮಾಸ್‌ನ ಬಿಮಿನಿ ದ್ವೀಪಕ್ಕೆ ಕರೆದೊಯ್ದು, ಊಟ ಮಾಡಿಸಿ, ಅದೇ ಸಂಜೆ ಮನೆಗೆ ತಂದು ಬಿಡುತ್ತಾರಂತೆ. ‘ಕ್ಯೂ ಇಲ್ಲ, ತಪಾಸಣೆ ಇಲ್ಲ, ಆರಾಮವಾಗಿ ಬನ್ನಿ ಮಾವ’ ಎನ್ನುತ್ತಾರೆ. ನಿಜವೇ? ನಮ್ಮ ಮನೆಯವರು ವಿಮಾನದ ಚಕ್ರಕ್ಕೆ ಇಡಲು ನಿಂಬೆಹಣ್ಣು, ಮಗಳ ಅಡುಗೆಗೆ ಕರಿಬೇವು ಎಂದು ಈಗಲೇ ಪಟ್ಟಿ ಮಾಡುತ್ತಿದ್ದಾರೆ.
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಕ್ಯೂ ಇಲ್ಲ ಎಂಬುದು ನಿಜ. ತಪಾಸಣೆ ಇಲ್ಲ ಎಂಬುದು ಮಾವನ ಮುಂದೆ ಆಡಿದ ಮಾತು. ಪರವಾನಗಿ ಪಡೆದವರಿಗೆ ಅದು ಗೊತ್ತಿಲ್ಲದೆ ಇರುವುದಿಲ್ಲ.

ದೊಡ್ಡ ವಿಮಾನದಲ್ಲಿ ನಮ್ಮ ಹೆಸರು, ಪಾಸ್‌ಪೋರ್ಟ್ ಸಂಖ್ಯೆಗಳನ್ನೆಲ್ಲ ವಿಮಾನ ಕಂಪನಿಯೇ ಮೊದಲೇ ಸರ್ಕಾರಕ್ಕೆ ಕಳುಹಿಸಿರುತ್ತದೆ. ನಾವು ಕಿಟಕಿಯ ಸೀಟಿಗಾಗಿ ಜಗಳವಾಡಿಕೊಂಡು ಕುಳಿತರೆ ಸಾಕು. ಸಣ್ಣ ವಿಮಾನದಲ್ಲಿ ನಿಮ್ಮ ಅಳಿಯಂದಿರೇ ಚಾಲಕ, ಅವರೇ ಕಂಡಕ್ಟರ್, ಅವರೇ ನಿಗಮ. 2009ರ ಮೇ 18ರಿಂದ ಅಮೆರಿಕದಲ್ಲಿ ಕಡ್ಡಾಯವಾಗಿರುವ ‘ಇ-ಆಪಿಸ್’ ಎಂಬ ವ್ಯವಸ್ಥೆಯಲ್ಲಿ, ವಿಮಾನದಲ್ಲಿ ಕೂರುವ ಪ್ರತಿಯೊಬ್ಬರ ವಿವರವನ್ನೂ ಹೊರಡುವುದಕ್ಕೆ ಕನಿಷ್ಠ 60 ನಿಮಿಷ ಮೊದಲು ಅವರು ಸಲ್ಲಿಸಬೇಕು. ಹೋಗುವಾಗ ಒಮ್ಮೆ, ಬರುವಾಗ ಇನ್ನೊಮ್ಮೆ. ಸಲ್ಲಿಸಿದ ಮಾತ್ರಕ್ಕೆ ಮುಗಿಯಲಿಲ್ಲ, ‘ಹೊರಡಬಹುದು’ ಎಂಬ ಉತ್ತರ ಕೈಸೇರಿದ ಮೇಲೆಯೇ ಎಂಜಿನ್ ಶುರು.

ಇಲ್ಲೊಂದು ಲೆಕ್ಕ ನೋಡಿ. ದಕ್ಷಿಣ ದಿಕ್ಕಿನ ಸಮುದ್ರದ ಕಡೆಯಿಂದ ಬರುವ ಖಾಸಗಿ ವಿಮಾನ, ಅಮೆರಿಕದ ಕರಾವಳಿ ದಾಟುವುದಕ್ಕೆ ಕನಿಷ್ಠ ಒಂದು ಗಂಟೆ ಮೊದಲು ತಾನು ಬರುತ್ತಿರುವ ಸುದ್ದಿಯನ್ನು ಕಸ್ಟಮ್ಸ್‌ಗೆ ಮುಟ್ಟಿಸಬೇಕು. ಬಿಮಿನಿ ಇರುವುದು ಮಯಾಮಿಯಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಬೆಂಗಳೂರಿನಿಂದ ತುಮಕೂರಿಗಿಂತ ಒಂದಿಷ್ಟು ಹೆಚ್ಚು. ಸೆಸ್ನಾಗೆ ಅದು ಅರ್ಧ ಗಂಟೆಯ ದಾರಿ. ಅಂದರೆ, ಆಕಾಶಕ್ಕೆ ಏರಿದ ಮೇಲೆ ಫೋನ್ ಮಾಡುತ್ತೇನೆ ಎಂದುಕೊಂಡರೆ ಆಗಲೇ ತಡವಾಗಿರುತ್ತದೆ. ಬಿಮಿನಿಯಲ್ಲಿ ನೆಲದ ಮೇಲಿರುವಾಗಲೇ ಕರೆ ಮಾಡಿ, ಮಾತನಾಡಿದ ಅಧಿಕಾರಿಯ ಹೆಸರು ಮತ್ತು ಸಮಯವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲು ಹೇಳಿ. ನನ್ನ ಅನುಭವದಲ್ಲಿ ವಾದಕ್ಕಿಂತ ಚೀಟಿ ಹೆಚ್ಚು ಕೆಲಸಕ್ಕೆ ಬರುತ್ತದೆ.

‘ಅದೇ ಸಂಜೆ ಮನೆಗೆ’ ಎಂದಿರಲ್ಲ, ನೇರವಾಗಿ ಆರ್ಲ್ಯಾಂಡೊಗೆ ಹೋಗುವಂತಿಲ್ಲ. ಹಾಗೆ ದಾಟಿ ಹೋಗಲು ವಿಶೇಷ ವಿನಾಯಿತಿ ಬೇಕು. ಕರಾವಳಿ ದಾಟುವ ಜಾಗಕ್ಕೆ ಹತ್ತಿರವಿರುವ, ಇದಕ್ಕೆಂದೇ ಗೊತ್ತುಮಾಡಿದ ನಿಲ್ದಾಣದಲ್ಲಿ ಮೊದಲು ಇಳಿಯಬೇಕು: ಫೋರ್ಟ್ ಲಾಡರ್‌ಡೇಲ್, ಫೋರ್ಟ್ ಪಿಯರ್ಸ್, ವೆಸ್ಟ್ ಪಾಮ್ ಬೀಚ್ ಹೀಗೆ. ಅಲ್ಲಿ ತಪಾಸಣೆ ಮುಗಿಸಿ ಆಮೇಲೆ ಮನೆ. ವಿಮಾನಕ್ಕೆ ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಅಂಟಿಸುವ ಕಸ್ಟಮ್ಸ್ ಸ್ಟಿಕರ್ ಒಂದಿದೆ. ಬಾಡಿಗೆ ವಿಮಾನವಾದ್ದರಿಂದ ಅದು ಇದೆಯೇ ಎಂದು ಮೊದಲೇ ನೋಡಿಕೊಳ್ಳಲಿ. ಇವುಗಳಲ್ಲಿ ತಪ್ಪಿದರೆ ಕಾನೂನು ಹೇಳುವ ದಂಡ ಮೊದಲ ಸಲಕ್ಕೆ 5,000 ಡಾಲರ್, ಮತ್ತೆ ತಪ್ಪಿದರೆ 10,000.

ಇಳಿದ ಮೇಲೆ ಅಧಿಕಾರಿ ಹೇಳುವವರೆಗೆ ಯಾರೂ ಅತ್ತಿತ್ತ ಹೋಗಬೇಡಿ, ಒಂದು ಚೀಲವನ್ನೂ ಇಳಿಸಬೇಡಿ. ಎಚ್‌ಎಎಲ್ ನಿಲ್ದಾಣದಲ್ಲಿ ನಾನಿದ್ದ ಕಾಲದಲ್ಲಿ ಒಂದು ರಾತ್ರಿ ಒಂಟಿ ಎಂಜಿನ್ನಿನ ವಿದೇಶಿ ವಿಮಾನ ಬಂದಿಳಿಯಿತು. ನಾವು ರಿಜಿಸ್ಟರ್ ಹಿಡಿದು ಹೋಗುವಷ್ಟರಲ್ಲಿ ಪೈಲಟ್ ಮಹಾಶಯ ಹೆಗಲಿಗೆ ಚೀಲ ಹಾಕಿಕೊಂಡು, ಶಿಳ್ಳೆ ಹೊಡೆಯುತ್ತಾ ಗೇಟಿನತ್ತ ಅರ್ಧ ದೂರ ನಡೆದುಬಿಟ್ಟಿದ್ದ. ಚೀಲದಲ್ಲಿದ್ದದ್ದು ಎರಡು ಒದ್ದೆ ಟವೆಲ್. ಅದನ್ನು ಖಾತ್ರಿ ಮಾಡಿಕೊಳ್ಳಲು ಬೆಳಗಿನ ಜಾವವಾಯಿತು.

ನಿಮ್ಮ ವೀಸಾದಲ್ಲಿ ‘ಎಂಟ್ರೀಸ್’ ಎಂಬಲ್ಲಿ ‘ಎಂ’ ಅಕ್ಷರ ಇರಬೇಕು, ಹಲವು ಬಾರಿ ಪ್ರವೇಶಿಸಬಹುದು ಎಂದರ್ಥ. ಊಟಕ್ಕೆಂದು ಹೋಗಿ ಬಂದರೂ ಅದು ಹೊಸ ಪ್ರವೇಶವೇ.

ಇನ್ನು ಪಟ್ಟಿಯ ವಿಷಯ. ಹಸಿ ಕರಿಬೇವನ್ನು ಬೆಂಗಳೂರಿನಲ್ಲೇ ಬಿಟ್ಟು ಹೋಗಿ. ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬದ ಗಿಡ. ಅದರ ಎಲೆಯ ಮೇಲೆ ಎಳ್ಳಿನ ಕಾಳಿಗಿಂತ ದೊಡ್ಡದಲ್ಲದ ಒಂದು ಕೀಟ, ಸಿಟ್ರಸ್ ಸಿಲ್ಲಿಡ್, ಬದುಕಬಲ್ಲದು. ಅದು ಹರಡುವ ಗ್ರೀನಿಂಗ್ ರೋಗ ನಮ್ಮ ಕೊಡಗಿನ ಕಿತ್ತಳೆಯನ್ನೂ ಕಾಡಿದೆ. ಫ್ಲಾರಿಡಾದಲ್ಲಿ 2005ರಲ್ಲಿ ಕಾಣಿಸಿಕೊಂಡು ಅಲ್ಲಿನ ಕಿತ್ತಳೆ ತೋಟಗಳನ್ನು ನೆಲಕಚ್ಚಿಸಿತು: ಹಣ್ಣು ಸೊಟ್ಟಗಾಗುತ್ತದೆ, ಹಸಿರಾಗಿಯೇ ಉಳಿಯುತ್ತದೆ, ಕಹಿಯಾಗಿ ಉದುರುತ್ತದೆ. ಅಂಥ ಊರಿಗೆ ಕರಿಬೇವು ಒಯ್ಯುವುದೆಂದರೆ ಹುಲ್ಲಿನ ಬಣವೆಯ ಪಕ್ಕ ಬೀಡಿ ಹಚ್ಚಿದಂತೆ.

ನಿಂಬೆಹಣ್ಣಿನ ಬಗ್ಗೆ ನಾನು ಅಧಿಕಾರವಾಣಿಯಿಂದ ಹೇಳಬಲ್ಲೆ, ಏಕೆಂದರೆ ಸಿಕ್ಕಿಬಿದ್ದಿದ್ದೇನೆ. ನಿವೃತ್ತಿಯ ಮರುವರ್ಷ ಮಗನ ಮನೆಗೆ ಹೊರಟಾಗ ಬನಶಂಕರಿ ದೇವಸ್ಥಾನದಲ್ಲಿ ಕೊಟ್ಟ ಪ್ರಸಾದದ ನಿಂಬೆಹಣ್ಣು ಮನೆಯವರ ಕೈಚೀಲದ ತಳ ಸೇರಿತ್ತು. ಅಮೆರಿಕದಲ್ಲಿ ಇಳಿದು ಸೂಟ್‌ಕೇಸಿಗೆ ಕಾಯುತ್ತಿದ್ದಾಗ ನೀಲಿ ಅಂಗಿ ತೊಟ್ಟ ಬೀಗಲ್ ನಾಯಿಯೊಂದು ಬಂದು, ಕೈಚೀಲವನ್ನು ಮೂಸಿ, ತೆಪ್ಪಗೆ ಪಕ್ಕದಲ್ಲಿ ಕುಳಿತುಕೊಂಡಿತು. ಬೊಗಳಲಿಲ್ಲ. ಬೊಗಳಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. 31 ವರ್ಷ ಊರವರ ಪೆಟ್ಟಿಗೆ ಬಿಚ್ಚಿಸಿದವನು ಒಣಗಿದ ನಿಂಬೆಹಣ್ಣನ್ನು ಅಂಗೈಯಲ್ಲಿ ಹಿಡಿದು ‘ಮರೆತಿದ್ದೆವು’ ಎಂದೆ. ಎಷ್ಟು ಸಾವಿರ ಜನ ನನಗೆ ಅದೇ ಪದ ಹೇಳಿದ್ದರೋ! ಅಲ್ಲಿನ ಅಧಿಕಾರಿ ಹಣ್ಣು ತೆಗೆದುಕೊಂಡು, ನಕ್ಕು ಕಳುಹಿಸಿದರು.

ಹಾಗಾಗಿ ಆರ್ಲ್ಯಾಂಡೊದ ಅಂಗಡಿಯಲ್ಲೇ ನಿಂಬೆಹಣ್ಣು ಕೊಳ್ಳಿ, ಹೊರಡುವಾಗ ಚಕ್ರಕ್ಕೆ ಇಟ್ಟು ಅಲ್ಲೇ ಜಜ್ಜಿಸಿ. ಬಿಮಿನಿಯಿಂದ ಹಿಂತಿರುಗುವಾಗ ದೇವರ ಹೆಸರು ಹೇಳಿದರೆ ಸಾಕು. ಬುತ್ತಿಯಲ್ಲಿ ಉಳಿದ ಬಾಳೆಹಣ್ಣನ್ನೂ ಮುಚ್ಚಿಡದೆ ಹೇಳಿಬಿಡಿ. ಹೇಳಿದ ಹಣ್ಣು ಕಸದ ಬುಟ್ಟಿಗೆ ಹೋಗಬಹುದು, ಹೇಳದ ಹಣ್ಣಿಗೆ ದಂಡ ಬೀಳಬಹುದು.

ಪ್ರಶ್ನೆ: ಸ್ವಂತ ವಿಮಾನದಲ್ಲಿ ಭಾರತಕ್ಕೆ ಬರುವ ಪ್ರಯಾಣಿಕರು ಎರಡು ಲೀಟರಿಗಿಂತ ಹೆಚ್ಚು ಮದ್ಯವನ್ನು ಸುಂಕವಿಲ್ಲದೆ ತರಬಹುದೇ?
– ಕುತೂಹಲಿ, ಇಂದಿರಾನಗರ

ಉತ್ತರ: ಇಲ್ಲ. ಕುತೂಹಲ ಮಾತ್ರವೇ, ವಿಮಾನವೂ ಇದೆಯೇ?

ಪ್ರಶ್ನೆ: ನಾನು ಜಕ್ಕೂರಿನಲ್ಲಿ ವಿಮಾನ ಹಾರಾಟ ಕಲಿಯುತ್ತಿದ್ದೇನೆ. ಮುಂದೊಂದು ದಿನ ಶ್ರೀಲಂಕಾಕ್ಕೆ ಸಣ್ಣ ವಿಮಾನದಲ್ಲಿ ಹೋಗಿ ನೇರವಾಗಿ ಜಕ್ಕೂರಿಗೇ ಬಂದು ಇಳಿಯಬಹುದೇ?
– ವಿದ್ಯಾರ್ಥಿನಿ, ಯಲಹಂಕ

ಉತ್ತರ: ಆಸೆ ಚೆನ್ನಾಗಿದೆ ತಾಯಿ, ಆದರೆ ಜಕ್ಕೂರಿಗೆ ಮೊದಲು ದೇವನಹಳ್ಳಿ. 1962ರ ಕಸ್ಟಮ್ಸ್ ಕಾಯಿದೆಯ 29ನೇ ಸೆಕ್ಷನ್ ಪ್ರಕಾರ, ಹೊರದೇಶದಿಂದ ಬಂದ ವಿಮಾನ ಭಾರತದ ನೆಲಕ್ಕೆ ಮೊದಲು ಚಕ್ರ ತಾಗಿಸಬೇಕಾದದ್ದು ಕಸ್ಟಮ್ಸ್ ವಿಮಾನ ನಿಲ್ದಾಣದಲ್ಲೇ. ದೇವನಹಳ್ಳಿಯದು ಅಂಥದ್ದು, ಜಕ್ಕೂರು ಅಲ್ಲ. ವಾಯು ರಕ್ಷಣೆಯ ಅನುಮತಿ, ವಲಸೆ ವಿಭಾಗದ ಮೊಹರು ಬೇರೆ ಇವೆ, ಅವು ನನ್ನ ಇಲಾಖೆಯ ಮಾತಲ್ಲ.

ಹವಾಮಾನ ಕೆಟ್ಟು, ಎಂಜಿನ್ ಕೈಕೊಟ್ಟು ಬೇರೆಲ್ಲೋ ಇಳಿಯಬೇಕಾಗಿ ಬಂದರೆ? ಅದೇ ಸೆಕ್ಷನ್ನಿನಲ್ಲಿ ಅದಕ್ಕೂ ದಾರಿ ಇದೆ. ಕನಕಪುರದ ಯಾವುದೋ ರಾಗಿ ಹೊಲದಲ್ಲಿ ಇಳಿದಿರಿ ಎನ್ನಿ. ಕೂಡಲೇ ಹತ್ತಿರದ ಕಸ್ಟಮ್ಸ್ ಅಧಿಕಾರಿಗೆ ಇಲ್ಲವೇ ಪೊಲೀಸ್ ಠಾಣೆಯ ಮುಖ್ಯಸ್ಥರಿಗೆ ವರದಿ ಮಾಡಬೇಕು. ಅವರ ಒಪ್ಪಿಗೆ ಇಲ್ಲದೆ ಸಾಮಾನು ಇಳಿಸುವಂತಿಲ್ಲ, ಜೊತೆಗಿದ್ದವರು ವಿಮಾನದ ಬಳಿಯಿಂದ ದೂರ ಹೋಗುವಂತಿಲ್ಲ. ಪ್ರಾಣಕ್ಕೆ, ಆರೋಗ್ಯಕ್ಕೆ ಇಲ್ಲವೇ ಆಸ್ತಿಗೆ ಅಪಾಯವಿದ್ದರೆ ಮಾತ್ರ ವಿನಾಯಿತಿ. ಹೊಲದ ಯಜಮಾನರು ಮಜ್ಜಿಗೆ ತಂದು ಕೊಟ್ಟರೆ ವಿಮಾನದ ರೆಕ್ಕೆಯ ನೆರಳಿನಲ್ಲೇ ಕುಳಿತು ಕುಡಿಯಿರಿ.