ಉಪ್ಪಿಟ್ಟಿನ ಮೇಲೆ ಸಕ್ಕರೆ, ಒರಳಿನಲ್ಲಿ ರೊಟ್ಟಿ

ನೆಂಟರು ಬಂದಾಗ ಬಡಿಸಲು ಹಿಂಜರಿಯುವ, ಆದರೆ ಮನೆಮಂದಿಯೆಲ್ಲ ಇಷ್ಟಪಟ್ಟು ತಿನ್ನುವ ತಿಂಡಿಗಳ ಬಗ್ಗೆ ಬರೆಯಿರಿ ಎಂದು ಹಿಂದಿನ ಸಂಚಿಕೆಯಲ್ಲಿ ಓದುಗರನ್ನು ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ‘ನಗಬೇಡಿ’ ಎಂಬ ಮಾತಿನಿಂದಲೇ ಆರಂಭವಾಗಿದ್ದವು. ಆ ಸಂಕೋಚಕ್ಕೆ ಕಾರಣವಿಲ್ಲ ಎಂದು ನಾನು ಮನಸಾರೆ ನಂಬಿದ್ದೇನೆ. ಒಂದು ಊರಿನವರು ಮೂಗು ಮುರಿಯುವ ಜೋಡಿಯನ್ನೇ ಇನ್ನೊಂದು ಊರಿನವರು ಹಬ್ಬದ ದಿನ ಎಲೆಯ ತುದಿಗೆ ಬಡಿಸುತ್ತಾರೆ. ಆಯ್ದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಯಜಮಾನರು ಉಪ್ಪಿಟ್ಟಿನ ಮೇಲೆ ಎರಡು ಚಮಚ ಸಕ್ಕರೆ ಉದುರಿಸಿಕೊಂಡು, ಪಕ್ಕಕ್ಕೆ ಗಟ್ಟಿ ಮೊಸರು ಹಾಕಿಸಿಕೊಂಡು ತಿನ್ನುತ್ತಾರೆ. ಹೊಸದಾಗಿ ಬಂದ ಸೊಸೆಗೆ ಇದನ್ನು ಕಂಡು ನಗು ತಡೆಯಲಾಗುವುದಿಲ್ಲ. ಇದು ಯಾವ ಸೀಮೆಯ ಪದ್ಧತಿ? (ಮೈಸೂರಿನ ಓದುಗರು)

ಉತ್ತರ: ಇದನ್ನು ಒಂದು ಸೀಮೆಗೆ ಕಟ್ಟಿಹಾಕಲು ಬರುವುದಿಲ್ಲ, ಏಕೆಂದರೆ ರಾಜ್ಯದ ಎಲ್ಲ ಭಾಗಗಳಲ್ಲಿಯೂ ಹೀಗೆ ತಿನ್ನುವವರಿದ್ದಾರೆ. ನಿಮ್ಮ ಸೊಸೆ ಹೋಟೆಲಿನಲ್ಲಿ ಚೌ ಚೌ ಬಾತ್ ತಿಂದಿದ್ದರೆ, ಒಂದೇ ತಟ್ಟೆಯಲ್ಲಿ ಖಾರಾಬಾತಿನ ಗುಡ್ಡೆಗೆ ಕೇಸರಿಬಾತಿನ ಗುಡ್ಡೆ ಒರಗಿ ಕುಳಿತಿರುವುದನ್ನೂ, ಎರಡೂ ಸೇರುವ ಅಂಚಿನ ತುತ್ತು ಎಷ್ಟು ರುಚಿ ಎಂಬುದನ್ನೂ ಬಲ್ಲರು. ಯಜಮಾನರು ಅದನ್ನೇ ಮನೆಯಲ್ಲಿ ಸರಳವಾಗಿ ಮಾಡಿಕೊಂಡಿದ್ದಾರೆ. ಮಂಗಳೂರು, ಉಡುಪಿಯ ಕಡೆ ಬೆಳಗಿನ ತಿಂಡಿಗೆ ಉಪ್ಪಿಟ್ಟಿನ ಜೊತೆ ಒಗ್ಗರಣೆ ಅವಲಕ್ಕಿಯನ್ನು ಕಲಸಿ ‘ಸಜ್ಜಿಗೆ ಬಜಿಲ್’ ಎಂದು ಕೊಡುತ್ತಾರೆ. ಆ ಅವಲಕ್ಕಿಯಲ್ಲಿ ಬೆಲ್ಲದ ಸಿಹಿಯೂ ಮೆಣಸಿನ ಖಾರವೂ ಒಟ್ಟಿಗೇ ಇರುತ್ತವೆ. ಅಂದ ಹಾಗೆ, ಅಲ್ಲಿ ಸಜ್ಜಿಗೆ ಎಂದರೆ ಖಾರದ ಉಪ್ಪಿಟ್ಟು; ನಿಮ್ಮ ಮೈಸೂರಿನಲ್ಲಿ ಸತ್ಯನಾರಾಯಣ ಪೂಜೆಯ ಸಜ್ಜಿಗೆ ಎಂದರೆ ಹಾಲು, ತುಪ್ಪ, ಸಕ್ಕರೆಯ ಸಿಹಿ. ಒಂದೇ ರವೆ, ಒಂದೇ ಹೆಸರು, ಎರಡು ರುಚಿ.

ಈ ಜೋಡಿ ನಾಲಗೆಗೆ ಹಿಡಿಸುವುದಕ್ಕೆ ಕಾರಣವೂ ಇದೆ. ಸ್ವಲ್ಪ ಪ್ರಮಾಣದ ಉಪ್ಪು ಕಹಿಯನ್ನು ಅಡಗಿಸುತ್ತದೆ, ಆಗ ಸಿಹಿ ಎದ್ದು ಕಾಣುತ್ತದೆ. ಹೋಳಿಗೆಯ ಕಣಕಕ್ಕೆ ನಮ್ಮ ಹಿರಿಯರು ಚಿಟಿಕೆ ಉಪ್ಪು ಹಾಕುತ್ತಿದ್ದುದನ್ನೂ, ಸೀಬೆಕಾಯಿಗೆ ಉಪ್ಪು-ಖಾರ ಹಚ್ಚಿ ತಿನ್ನುವುದನ್ನೂ ನೆನಪಿಸಿಕೊಳ್ಳಿ. ಇನ್ನು ಮೊಸರಿನ ವಿಚಾರ: ಮೆಣಸಿನಕಾಯಿಯ ಉರಿಗೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಹಾಲು, ಮೊಸರಿನಲ್ಲಿರುವ ಕೇಸಿನ್ ಎಂಬ ಪ್ರೋಟೀನು ಅದನ್ನು ಹಿಡಿದು ನಾಲಗೆಯಿಂದ ಬಿಡಿಸುತ್ತದೆ. ನಿಮ್ಮ ಯಜಮಾನರ ತಟ್ಟೆಯಲ್ಲಿ ಎಲ್ಲವೂ ಸರಿಯಾಗಿಯೇ ಇದೆ. ಸಕ್ಕರೆ ಕಾಯಿಲೆಯೊಂದು ಇಲ್ಲದಿದ್ದರೆ ಅವರನ್ನು ನೆಮ್ಮದಿಯಾಗಿ ತಿನ್ನಲು ಬಿಡಿ.

ಪ್ರಶ್ನೆ: ನಾವು ಪುತ್ತೂರಿನ ಕಡೆಯವರು, ಈಗ ಬೆಂಗಳೂರಿನಲ್ಲಿದ್ದೇವೆ. ಕಲ್ಲಂಗಡಿ ಹಣ್ಣಿನ ಸಿಪ್ಪೆಯಲ್ಲಿ ದೋಸೆ ಮಾಡುತ್ತೇನೆಂದು ಹೇಳಿದಾಗ ನೆರೆಮನೆಯವರು ಅದನ್ನು ಬಡತನದ ಅಡುಗೆ ಎಂಬಂತೆ ನೋಡಿದರು. ಮನಸ್ಸಿಗೆ ಬೇಸರವಾಯಿತು. ಅವರಿಗೆ ತಿಳಿಸಿ ಹೇಳಲು ನೀವೇ ಇದರ ಕ್ರಮವನ್ನು ಬರೆಯುವಿರಾ? (ಬೆಂಗಳೂರಿನ ಓದುಗರು)

ಉತ್ತರ: ಬಹಳ ಸಂತೋಷದಿಂದ ಬರೆಯುತ್ತೇನೆ, ನಿಮ್ಮ ನೆರೆಯವರೂ ಓದಲಿ. 2 ಲೋಟ ದೋಸೆ ಅಕ್ಕಿಯನ್ನು 4 ಗಂಟೆ ನೆನೆಸಬೇಕು. ಹಣ್ಣಿನ ಕೆಂಪು ತಿರುಳು ತಿಂದ ಮೇಲೆ ಉಳಿಯುವ ಸಿಪ್ಪೆಯಿಂದ ಹೊರಗಿನ ಹಸಿರು ಭಾಗವನ್ನು ಹೆರೆದು ತೆಗೆದು, ಒಳಗಿನ ಬಿಳಿಯ ಭಾಗವನ್ನು ಮಾತ್ರ ಹೋಳು ಮಾಡಿ 2 ಲೋಟದಷ್ಟು ಇಟ್ಟುಕೊಳ್ಳಿ. ಅಕ್ಕಿ, ಹೋಳು, ಒಂದು ಹಿಡಿ ತೆಂಗಿನತುರಿ, ಉಪ್ಪು, ಇಷ್ಟನ್ನೂ ನುಣ್ಣಗೆ ರುಬ್ಬಬೇಕು. ಹೋಳೇ ನೀರು ಬಿಡುವುದರಿಂದ ಮೇಲೆ ನೀರು ಸುರಿಯುವ ಅಗತ್ಯ ಬೀಳುವುದು ಕಡಿಮೆ; ಹೊಸಬರು ಎಡವುವುದು ಇಲ್ಲಿಯೇ. ಹಿಟ್ಟು ಹುಳಿ ಬರಬೇಕಾಗಿಲ್ಲ. ಕಾವಲಿ ಚೆನ್ನಾಗಿ ಕಾದ ಮೇಲೆ ಹೊಯ್ದು, ಮುಚ್ಚಿ ಬೇಯಿಸಿದರೆ ಮೆತ್ತಗಿನ, ಸಣ್ಣ ಸಣ್ಣ ಕಣ್ಣುಗಳಿರುವ ದೋಸೆ ಏಳುತ್ತದೆ. ಬೆಲ್ಲ ಬೆರೆಸಿದ ತೆಂಗಿನತುರಿಯ ಜೊತೆ ಇದನ್ನು ತಿಂದವರಿಗೆ ಸಿಪ್ಪೆಯ ನೆನಪೇ ಬರುವುದಿಲ್ಲ.

ಬಡತನದ ಮಾತು ಬಂದಿದ್ದರಿಂದ ಒಂದು ವಿಷಯವನ್ನು ಹೇಳಲೇಬೇಕು. ಹೀರೆಕಾಯಿ ಸಿಪ್ಪೆಯ ಚಟ್ನಿ, ಕಿತ್ತಳೆ ಸಿಪ್ಪೆಯ ಗೊಜ್ಜು, ಹೋಳಿಗೆಗೆ ಬೇಳೆ ಬೇಯಿಸಿದ ಕಟ್ಟಿನ ಸಾರು, ಇವೆಲ್ಲ ಉಳಿತಾಯದಿಂದ ಹುಟ್ಟಿರಬಹುದು, ಆದರೆ ಉಳಿದುಕೊಂಡಿರುವುದು ರುಚಿಯಿಂದ. ನಿಮ್ಮ ಜಿಲ್ಲೆಯ ಉಂಡ್ಲಕಾಳನ್ನೇ ನೋಡಿ. ಬೇಸಿಗೆಯಲ್ಲಿ ಬಲಿತ ಹಲಸಿನ ಕಾಯಿಯ ಸೊಳೆಯನ್ನು ಉಪ್ಪು ಬೆರೆಸಿ ಭರಣಿಯಲ್ಲಿ ಒತ್ತಿಟ್ಟು, ತರಕಾರಿ ಸಿಗದ ಮಳೆಗಾಲದಲ್ಲಿ ತೆಗೆಯುತ್ತಾರೆ. ಆ ಉಪ್ಪುಸೊಳೆಯನ್ನು ನೀರಿನಲ್ಲಿ ನೆನೆಹಾಕಿ, ಉಪ್ಪು ಬಿಡಿಸಿ, ಹಿಂಡಿ, ಅಕ್ಕಿ ಮತ್ತು ತೆಂಗಿನಕಾಯಿಯೊಂದಿಗೆ ಗಟ್ಟಿಯಾಗಿ ರುಬ್ಬಿ, ಕಡಲೆ ಗಾತ್ರದ ಉಂಡೆಗಳನ್ನು ಮಾಡಿ ಎಣ್ಣೆಯಲ್ಲಿ ಕರಿಯುತ್ತಾರೆ. ನಾನು ಬಯಲುಸೀಮೆಯವಳು, ಮೊದಲ ಬಾರಿ ಇದನ್ನು ಕಂಡದ್ದು ಬಂಧುಗಳೊಬ್ಬರ ಮನೆಯಲ್ಲಿ, ಜಡಿಮಳೆಯ ಒಂದು ಮಧ್ಯಾಹ್ನ. ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಎಲ್ಲರೂ ಚಾವಡಿಯಲ್ಲಿ ಸುತ್ತ ಕುಳಿತು, ಅಂಗೈಗೆ ಎಣ್ಣೆ ಸವರಿಕೊಂಡು, ನೂರಾರು ಉಂಡೆಗಳನ್ನು ಉರುಟುತ್ತಿದ್ದರು. ಬಾಣಲೆಯಲ್ಲಿ ಮೊದಲು ನೊರೆಯೆದ್ದು ಭೋರ್ಗರೆದ ಎಣ್ಣೆ ನಿಧಾನವಾಗಿ ಸದ್ದಡಗಿತು. ಜಾಲರಿ ಸೌಟಿಗೆ ಉಂಡೆಗಳು ಬೆಣಚುಕಲ್ಲಿನಂತೆ ಕಟಕಟ ತಾಗತೊಡಗಿದಾಗ ಅಜ್ಜಿ ‘ಈಗ ತೆಗಿ’ ಎಂದರು. ಹಸಿ ಉಳಿದರೆ ಮರುದಿನಕ್ಕೆ ಮೆತ್ತಗಾಗುತ್ತದಂತೆ. ಹೀಗೆ ಕಾದು ಕೂತು ಮಾಡುವ ತಿಂಡಿಯನ್ನು ನಾನು ಸಿರಿವಂತಿಕೆ ಎಂದೇ ಕರೆಯುತ್ತೇನೆ.

ಪ್ರಶ್ನೆ: ಅನಾನಸ್ ಹಣ್ಣಿನ ಹೋಳುಗಳಿಗೆ ಮೊಸರು ಬೆರೆಸಿ ಬೆಳಿಗ್ಗೆಯೇ ಇಟ್ಟೆ, ಮಧ್ಯಾಹ್ನದ ಊಟದ ಹೊತ್ತಿಗೆ ಕಹಿಯಾಗಿತ್ತು. ಮೊಸರು ಹಾಕಿ ಮಾವಿನಹಣ್ಣಿನ ಸಾಸಿವೆ ಮಾಡಿದಾಗ ಹೀಗೆ ಆಗುವುದಿಲ್ಲ. ಯಾಕೆ? (ತುಮಕೂರಿನ ಓದುಗರು)

ಉತ್ತರ: ಹಸಿ ಅನಾನಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ. ಅದು ಮೊಸರಿನ ಪ್ರೋಟೀನನ್ನು ಒಡೆದು ತುಂಡು ಮಾಡುತ್ತದೆ, ಆ ತುಂಡುಗಳಲ್ಲಿ ಕೆಲವು ಕಹಿ. ಮಾವಿನಹಣ್ಣಿನಲ್ಲಿ ಈ ತೊಂದರೆ ಕಾಣದು. ಹೋಳನ್ನು ಸ್ವಲ್ಪ ನೀರು, ಬೆಲ್ಲ ಹಾಕಿ ಬೇಯಿಸಿ, ಪೂರ್ತಿ ಆರಿದ ಮೇಲೆ ಮೊಸರಿಗೆ ಹಾಕಿ. ಬಿಸಿಗೆ ಕಿಣ್ವದ ಶಕ್ತಿ ಹೋಗಿರುತ್ತದೆ. ಅನಾನಸಿನ ಗೊಜ್ಜು, ಕರಾವಳಿಯ ಮೆಣಸ್ಕಾಯಿಯಂಥ ಪದಾರ್ಥಗಳಿಗೆಲ್ಲ ಹೋಳು ಬೇಯಿಸಿಯೇ ಹಾಕುವುದರಿಂದ ಅಲ್ಲಿ ಕಹಿಯ ಪ್ರಶ್ನೆ ಏಳುವುದಿಲ್ಲ.

ಪ್ರಶ್ನೆ: ಮಗ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. ಊರಿನಿಂದ ಒಯ್ದ ಖಡಕ್ ರೊಟ್ಟಿಯನ್ನು ಮಿಕ್ಸರಿಗೆ ಹಾಕಿ ಮುಟಗಿ (ರೊಟ್ಟಿ ಕುಟ್ಟಿ ಕಟ್ಟುವ ಉಂಡೆ) ಮಾಡಿದರೆ ಬರೀ ಪುಡಿಯಾಗುತ್ತದೆ ಎನ್ನುತ್ತಾನೆ. ಜೊತೆಗಿರುವ ಹುಡುಗರು ‘ರೊಟ್ಟಿಯನ್ನು ಕುಟ್ಟಿ ತಿನ್ನುವುದೇ?’ ಎಂದು ಕೇಳುತ್ತಾರಂತೆ. (ವಿಜಯಪುರದ ಓದುಗರು)

ಉತ್ತರ: ಮುಟಗಿಗೆ ಬಿಸಿ ರೊಟ್ಟಿಯೇ ಬೇಕು. ಜೋಳದ ಹಿಟ್ಟಿನಲ್ಲಿ ಗೋಧಿಯಂತೆ ಅಂಟು ಕೊಡುವ ಗ್ಲುಟೆನ್ ಇಲ್ಲ. ಕುದಿನೀರಿನಲ್ಲಿ ನಾದಿದಾಗ ಬೆಂದ ಪಿಷ್ಟವೇ ರೊಟ್ಟಿಯನ್ನು ಹಿಡಿದಿಡುತ್ತದೆ. ಆರುತ್ತ ಹೋದಂತೆ ಆ ಪಿಷ್ಟ ಬಿರುಸಾಗುತ್ತದೆ, ಒಣಗಿದ ಮೇಲಂತೂ ಒಡೆದು ಪುಡಿಯಾಗುವುದೊಂದೇ ದಾರಿ. ಮಗನಿಗೆ ಹೀಗೆ ಹೇಳಿ: ಪುಣೆಯಲ್ಲಿ ಜೋಳದ ಹಿಟ್ಟಿಗೆ ಬರವಿಲ್ಲ, ಆ ಊರಿನವರೂ ಜೋಳದ ಭಾಕರಿ ಉಣ್ಣುವವರೇ. ಕೈಯಲ್ಲಿ ತಟ್ಟಿ, ದಪ್ಪನೆಯ ಒಂದು ರೊಟ್ಟಿ ಬೇಯಿಸಿಕೊಳ್ಳಲಿ. ಐದಾರು ಎಸಳು ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಎರಡು ಹಸಿಮೆಣಸಿನಕಾಯಿಯನ್ನು ದಪ್ಪ ತಳದ ಪಾತ್ರೆಯಲ್ಲಿ ಲಟ್ಟಣಿಗೆಯ ತುದಿಯಿಂದ ಮೊದಲು ತರಿತರಿಯಾಗಿ ಜಜ್ಜಿ, ಕಾವಲಿಯಿಂದ ಇಳಿಸಿದ ರೊಟ್ಟಿಯನ್ನು ಕೈ ಸುಡುತ್ತಿರುವಾಗಲೇ ಮುರಿದು ಹಾಕಿ ಕುಟ್ಟಬೇಕು. ಬೆಳ್ಳುಳ್ಳಿಯ ಹಸಿ ಘಾಟು ಆ ಬಿಸಿಗೆ ಸರಿಯಾಗಿ ಇಳಿಯುತ್ತದೆ. ಕೊನೆಗೆ ತುಪ್ಪ ಅಥವಾ ಶೇಂಗಾ ಎಣ್ಣೆ ಬಿಟ್ಟು ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲುತ್ತದೆ. ಒರಳು ಇದ್ದರೆ ಇನ್ನೂ ಒಳ್ಳೆಯದು. ಮಿಕ್ಸರ್ ಮಾತ್ರ ಬೇಡ.

ಒಯ್ದಿರುವ ಖಡಕ್ ರೊಟ್ಟಿ ವ್ಯರ್ಥವಾಗಬೇಕಿಲ್ಲ. ಅದನ್ನು ಮುರಿದು ಮೊಸರಿನಲ್ಲಿ ಹಾಕಿ, ಶೇಂಗಾ ಚಟ್ನಿಪುಡಿ ಉದುರಿಸಿ, ಹಸಿ ಉಳ್ಳಾಗಡ್ಡಿ ಹೆಚ್ಚಿ ಹಾಕಿ ಐದು ನಿಮಿಷ ಬಿಟ್ಟರೆ, ಅರ್ಧ ಮೆತ್ತಗೆ ಅರ್ಧ ಗರಿಗರಿಯಾದ ಸಂಜೆಯ ತಿಂಡಿಯಾಯಿತು. ಜೊತೆಗಿರುವ ಹುಡುಗರಿಗೂ ಒಂದು ಬಟ್ಟಲು ಕೊಡಲಿ.

ಪ್ರಶ್ನೆ: ಮೀನು ತಿಂದ ಮೇಲೆ ಮೊಸರನ್ನ ತಿಂದರೆ ತೊನ್ನು ಬರುತ್ತದೆ ಎಂದು ನಮ್ಮ ಅಜ್ಜಿ ಹೆದರಿಸುತ್ತಾರೆ. ನಿಜವೇ? (ಕಾರವಾರದ ಓದುಗರು)

ಉತ್ತರ: ಮೀನು ಮತ್ತು ಹಾಲನ್ನು ಚರಕಸಂಹಿತೆಯು ವಿರುದ್ಧ ಆಹಾರವೆಂದು ಹೇಳುತ್ತದೆ; ಅಜ್ಜಿಯ ಎಚ್ಚರಿಕೆಗೆ ಅಷ್ಟು ಹಳೆಯ ಹಿನ್ನೆಲೆಯಿದೆ. ಆದರೆ ತೊನ್ನು ಬರುವುದು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾದಾಗ. ದೇಹದ ರೋಗನಿರೋಧಕ ವ್ಯವಸ್ಥೆಯೇ ಅವುಗಳ ಮೇಲೆ ತಿರುಗಿಬೀಳುವುದು ಅದಕ್ಕೆ ಮುಖ್ಯ ಕಾರಣ, ಊಟದ ಜೋಡಿಯಿಂದ ಅದು ಬರುತ್ತದೆ ಎನ್ನಲು ಆಧಾರವಿಲ್ಲ. ಬಂಗಾಳದವರು ಮೀನನ್ನು ಮೊಸರಿನಲ್ಲೇ ಬೇಯಿಸಿ ‘ದೊಯಿ ಮಾಛ್’ ಮಾಡುತ್ತಾರೆ. ಆದರೂ ಅಜ್ಜಿಯ ಎದುರು ಕುಳಿತಾಗ ಮೊಸರನ್ನು ಬದಿಗಿಟ್ಟು ಸೋಲ್ ಕಢಿ ಕುಡಿಯಿರಿ, ಅದರಲ್ಲಿರುವುದು ತೆಂಗಿನಹಾಲು. ಅವರ ಮನಸ್ಸಿಗೂ ನೋವಾಗದು.

ಪ್ರಶ್ನೆ: ನಾನು 6ನೇ ತರಗತಿಯಲ್ಲಿ ಓದುತ್ತಿದ್ದೇನೆ. ಖಾರದ ಅವಲಕ್ಕಿಯ ಜೊತೆ ಬಾಳೆಹಣ್ಣು ಕಿವುಚಿಕೊಂಡು ತಿನ್ನುವುದು ನನಗೆ ಇಷ್ಟ. ಗೆಳತಿಯರು ‘ಛೀ’ ಎನ್ನುತ್ತಾರೆ. (ಶಿವಮೊಗ್ಗದ ಓದುಗರು)

ಉತ್ತರ: ಪುಟ್ಟೀ, ನಿನ್ನ ಗೆಳತಿಯರು ಮಂಗಳೂರು ಬನ್ಸ್ ತಿಂದಿದ್ದಾರೆಯೇ ಎಂದು ಕೇಳು. ಕಳಿತ ಬಾಳೆಹಣ್ಣು, ಮೈದಾ, ಮೊಸರು, ಸಕ್ಕರೆ, ಜೀರಿಗೆ ಹಾಕಿ ನಾದಿಟ್ಟು, ಪೂರಿಯಂತೆ ಕರಿದು, ಖಾರದ ಚಟ್ನಿಯಲ್ಲಿ ಅದ್ದಿ ತಿನ್ನುವ ತಿಂಡಿ ಅದು. ಬಾಳೆಹಣ್ಣಿಗೆ ಖಾರ ಹೊಂದುತ್ತದೆ ಎಂದು ಕರಾವಳಿಯವರು ನಿನಗಿಂತ ಮೊದಲೇ ಕಂಡುಕೊಂಡಿದ್ದಾರೆ. ಶಾಲೆಗೆ ಒಯ್ಯುವಾಗ ಮಾತ್ರ ಹಣ್ಣನ್ನು ಮನೆಯಲ್ಲೇ ಕಿವುಚಬೇಡ. ಮಧ್ಯಾಹ್ನಕ್ಕೆ ಅದು ಕಪ್ಪಾಗುತ್ತದೆ, ಅವಲಕ್ಕಿಯೂ ಮೆತ್ತಗಾಗುತ್ತದೆ. ಡಬ್ಬಿಯಲ್ಲಿ ಅವಲಕ್ಕಿ, ಚೀಲದಲ್ಲಿ ಸಿಪ್ಪೆ ಸುಲಿಯದ ಎರಡು ಏಲಕ್ಕಿ ಬಾಳೆಹಣ್ಣು ಇಟ್ಟುಕೊ. ಎರಡನೆಯದು ಯಾರಾದರೂ ರುಚಿ ನೋಡುತ್ತೇನೆ ಎಂದರೆ ಕೊಡುವುದಕ್ಕೆ.