ಕಬ್ಬಿನ ಪೆಟ್ರೋಲಿಗೆ ನಮಗೇ ಯಾಕೆ ಭಯ?

ಪ್ರಶ್ನೆ: ನಾವು ಕಬ್ಬು ಬೆಳೆಯುವವರು. ಆದರೂ ಕಬ್ಬಿನಿಂದ ತೆಗೆಯುವ ಎಥೆನಾಲ್ ಬೆರೆಸಿದ ಪೆಟ್ರೋಲ್ ಅಂದ್ರೆ ನಮ್ಮೂರಲ್ಲಿ ಎಲ್ಲರಿಗೂ ಹೆದರಿಕೆ. ಇಂಜಿನ್ ಹಾಳಾಗುತ್ತೆ ಅಂತಾರೆ. ನನ್ನದು 2014ರ ಬೈಕ್. ಏನು ಮಾಡಲಿ ಸಾರ್?
– ಓದುಗರೊಬ್ಬರು, ಪಾಂಡವಪುರ

ಉತ್ತರ: ನಿಮ್ಮ ಹೆದರಿಕೆಯನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಮಂಡ್ಯದಲ್ಲಿ ಇಪ್ಪತ್ತಾರು ವರ್ಷದಿಂದ ಗಾಡಿ ರಿಪೇರಿ ಮಾಡುತ್ತಿದ್ದೇನೆ. ಹೋದ ತಿಂಗಳು ಒಂದು ಹಳೇ ಸ್ಕೂಟರ್ ಬಂತು. ಕಾರ್ಬ್ಯುರೇಟರ್ ಬಿಚ್ಚಿದರೆ ರಬ್ಬರ್ ವಾಷರ್ ಉಬ್ಬಿ, ಮೆತ್ತಗಾಗಿ, ಉಗುರಿಗೆ ಅಂಟುತ್ತಿತ್ತು. ಹಳೇ ರಬ್ಬರಿಗೆ ಎಥೆನಾಲ್ ಆಗಿಬರುವುದಿಲ್ಲ. ಮೈಲೇಜ್ ಸ್ವಲ್ಪ ಇಳಿಯುವುದೂ ನಿಜ. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಈಗ ಬಂಕಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಅದೇ ಇದೆ.

ಆದರೆ ಆ ಸ್ಕೂಟರಿನವರು ‘ಇಂಜಿನ್ನೇ ಹೋಯ್ತು’ ಅಂತ ಊರೆಲ್ಲ ಹೇಳಿದ್ದರು. ಹೋಗಿದ್ದು ವಾಷರ್. ಅವರದೂ ತಪ್ಪಲ್ಲ, ಮೊದಲೇ ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ.

ಜರ್ಮನಿಯಲ್ಲೂ ಹೀಗೇ ಆಯಿತು. 2011ರಲ್ಲಿ ಅಲ್ಲಿ 10 ಭಾಗ ಎಥೆನಾಲ್ ಇರುವ ಪೆಟ್ರೋಲ್ ಬಂತು. ಹೆಚ್ಚಿನ ಕಾರುಗಳಿಗೆ ಅದು ಒಗ್ಗುತ್ತಿತ್ತು. ‘ನನ್ನ ಕಾರಿಗೆ ಆಗುತ್ತಾ?’ ಅನ್ನುವುದೇ ಜನಕ್ಕೆ ಗೊತ್ತಾಗಲಿಲ್ಲ. ಜಾಸ್ತಿ ದುಡ್ಡು ಕೊಟ್ಟು ಹಳೇ ಪೆಟ್ರೋಲನ್ನೇ ಹಾಕಿಸಿದರು. ಬ್ರೆಜಿಲ್‌ನಲ್ಲಿ 2003ರಿಂದ ಪೆಟ್ರೋಲ್, ಎಥೆನಾಲ್ ಎರಡಕ್ಕೂ ಒಗ್ಗುವ ಕಾರುಗಳು ಬಂದಿವೆ. ಬಂಕಿಗೆ ಹೋದವರು ದರ ನೋಡಿ ತಾವೇ ಆರಿಸಿಕೊಳ್ಳುತ್ತಾರೆ. ನಮ್ಮಲ್ಲಿ 20 ಭಾಗ ಎಥೆನಾಲ್ ಬೆರೆಸಲು 2030ಕ್ಕೆ ಇಟ್ಟಿದ್ದ ಗುರಿಯನ್ನು 2025ಕ್ಕೇ ತಂದರು. ಹಳೇ ಗಾಡಿಯವರನ್ನು ಕೂರಿಸಿಕೊಂಡು ಮಾತಾಡಿದವರು ಕಡಿಮೆ. ನನಗೆ ಬೇಜಾರು ಅದೇ. ನಮ್ಮ ಕಬ್ಬಿಗೆ ಬೆಲೆ ತರಬಲ್ಲ ಒಂದು ವಸ್ತುವಿನ ಮೇಲೆ ನಮ್ಮವರಿಗೇ ನಂಬಿಕೆ ಹೋಗಬಾರದು, ಅಲ್ವಾ?

ಏಪ್ರಿಲ್ 2023ರಿಂದ ಬಂದ ಗಾಡಿಗಳಿಗೆ ಇದಕ್ಕೆ ಒಗ್ಗುವ ಭಾಗಗಳನ್ನೇ ಹಾಕುತ್ತಾರೆ. ನಿಮ್ಮದು ಅದಕ್ಕಿಂತ ಹಳೆಯದು. ಪೆಟ್ರೋಲ್ ಪೈಪ್, ವಾಷರ್‌ಗಳನ್ನು ಬದಲಾಯಿಸಿ. ಎಥೆನಾಲ್‌ಗೆ ಒಗ್ಗುವ ರಬ್ಬರೇ ಬೇಕು ಅಂತ ಕೇಳಿ ತಗೊಳ್ಳಿ. ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ತಿಂಗಳುಗಟ್ಟಲೆ ಗಾಡಿ ನಿಲ್ಲಿಸಬೇಡಿ, ಎಥೆನಾಲ್ ನೀರಿನಂಶ ಎಳೆದುಕೊಳ್ಳುತ್ತೆ. ಆಮೇಲೆ ಒಂದು ಸಾವಿರ ಕಿಲೋಮೀಟರ್ ಓಡಿಸಿ, ಪ್ರತಿ ಸಲ ಹಾಕಿಸಿದ ಲೀಟರ್ ಲೆಕ್ಕ ಬರೆದಿಟ್ಟು ನನಗೆ ಕಳಿಸಿ. ಮೈಲೇಜ್ ಎಷ್ಟೇ ಬರಲಿ, ಆ ಲೆಕ್ಕವನ್ನು ಇದ್ದ ಹಾಗೇ ಇಲ್ಲಿ ಹಾಕುತ್ತೇನೆ.