ಪ್ಲಾಸ್ಮಾ ಕಟರ್ ನಡುವೆಯೇ ಆರಿಹೋಗುತ್ತಿದೆಯಾ? ಬೋರ್ಡಿಗೆ ಕೈ ಹಾಕುವ ಮೊದಲು ಗಾಳಿ ನೋಡಿ

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಹಲವರು ಹಂಚಿಕೊಂಡು ಬಳಸುವ ವರ್ಕ್‌ಶಾಪು. ಅಲ್ಲೊಂದು ಪ್ಲಾಸ್ಮಾ ಕಟರ್, ಅಂದರೆ ಕರೆಂಟಿನ ಆರ್ಕ್ (ಉರಿಯುವ ಕಿಡಿ) ಮತ್ತು ಒತ್ತಡದ ಗಾಳಿಯಿಂದ ಲೋಹದ ಶೀಟ್ ಕತ್ತರಿಸುವ ಮೆಷಿನ್. ಟ್ರಿಗರ್ ಒತ್ತಿದರೆ ಆರ್ಕ್ ಬರುತ್ತದೆ, ಶೀಟ್ ಒಂದೆರಡು ಇಂಚು ಕಟ್ ಆಗುತ್ತದೆ, ಆಮೇಲೆ ಪಟ್ಟನೆ ಆರುತ್ತದೆ. ಕೆಲವು ದಿನ ಚೆನ್ನಾಗಿರುತ್ತದೆ, ಕೆಲವು ದಿನ ಕೈ ಕೊಡುತ್ತದೆ. ಹೊಸ ನಾಝಲ್ (ಆರ್ಕ್ ಹೊರಬರುವ ತೂತಿನ ತುದಿ) ಹಾಕಿದರೂ ಬೇಗ ಸುಟ್ಟುಹೋಗುತ್ತಿದೆ. ಉಳಿದವರೆಲ್ಲ "ಒಳಗಿನ ಸರ್ಕ್ಯೂಟ್ ಬೋರ್ಡ್ ಹೋಗಿದೆ, ರಿಪೇರಿಗೆ ಕಳಿಸೋಣ" ಅನ್ನುತ್ತಿದ್ದಾರೆ.

ಸದ್ಯಕ್ಕೆ ಕಳಿಸಬೇಡಿ. ನಾನೂ ಇಂಥದ್ದೇ ಒಂದು ವರ್ಕ್‌ಶಾಪಿನಲ್ಲಿ ಮೆಷಿನ್‌ಗಳನ್ನು ನೋಡಿಕೊಳ್ಳುತ್ತೇನೆ. ಆರ್ಕ್ ಹೊತ್ತಿ, ಸ್ವಲ್ಪ ದೂರವಾದರೂ ಕಟ್ ಆಗುತ್ತಿದೆ ಎಂದರೆ ಪೆಟ್ಟಿಗೆಯ ಒಳಗಿನದು ಬಹುಪಾಲು ಸರಿಯಾಗಿಯೇ ಇರುತ್ತದೆ. "ಕೆಲವು ದಿನ" ಅಂದಿರಲ್ಲ, ನನಗೆ ಅನುಮಾನ ಅಲ್ಲೇ. ಆ ದಿನಗಳಲ್ಲಿ ಅದೇ ಕಂಪ್ರೆಸರ್‌ನಿಂದ ಇನ್ಯಾರೋ ಪೇಂಟ್ ಸ್ಪ್ರೇ ಮಾಡುತ್ತಿದ್ದಾರಾ, ಗಾಳಿಯ ಗ್ರೈಂಡರ್ ಓಡಿಸುತ್ತಿದ್ದಾರಾ, ನೋಡಿ.

ಮೆಷಿನ್ ಹಿಂದಿನ ಗೇಜ್ 5 ಬಾರ್ ತೋರಿಸುತ್ತದೆ, ಹಾಗಾಗಿ ಗಾಳಿ ಸರಿಯಿದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಅದು ಗಾಳಿ ನಿಂತಿರುವಾಗಿನ ಲೆಕ್ಕ. ನಮಗೆ ಬೇಕಾದ್ದು ಗಾಳಿ ಹರಿಯುತ್ತಿರುವಾಗಿನ ಒತ್ತಡ. ಕೆಲವು ಮೆಷಿನ್‌ಗಳಲ್ಲಿ ಆರ್ಕ್ ಇಲ್ಲದೆ ಬರೀ ಗಾಳಿ ಬಿಡುವ ಸ್ವಿಚ್ ಇರುತ್ತದೆ. ಅದು ಇಲ್ಲದಿದ್ದರೆ ಕಟ್ ನಿಲ್ಲಿಸಿದ ಮೇಲೆ ಟಾರ್ಚ್ (ಕೈಯಲ್ಲಿ ಹಿಡಿದು ಕಟ್ ಮಾಡುವ ಭಾಗ) ತಣ್ಣಗಾಗಲು ಕೆಲವು ಸೆಕೆಂಡು ಗಾಳಿ ಬರುತ್ತದಲ್ಲ, ಆಗ ಗೇಜ್ ಮೇಲೆ ಕಣ್ಣಿಡಿ. ಮುಳ್ಳು 5ರಿಂದ ಜಾರಿ 3ರ ಹತ್ತಿರ ಬಂದರೆ ಕಳ್ಳ ಸಿಕ್ಕಿಬಿದ್ದ. ಗಾಳಿ ಕಡಿಮೆಯಾದರೆ ಆರ್ಕ್ ಆರಿಸಿಬಿಡುವ ಸ್ವಿಚ್ ಬಹಳಷ್ಟು ಮೆಷಿನ್‌ಗಳ ಒಳಗೆ ಇರುತ್ತದೆ. ಅದು ತನ್ನ ಕೆಲಸ ಮಾಡುತ್ತಿದೆ, ನಾವು ಬೋರ್ಡನ್ನು ಬೈಯುತ್ತಿದ್ದೇವೆ.

ಒತ್ತಡ ಬೀಳುವುದಕ್ಕೆ ಸಾಮಾನ್ಯ ಕಾರಣ ಉದ್ದನೆಯ, ಸಣ್ಣ ತೂತಿನ, ಸುರುಳಿ ಸುತ್ತಿದ ಹೋಸ್ ಪೈಪು. ಅದನ್ನು ತೆಗೆದು 10 ಮಿ.ಮೀ. ಒಳ ಅಳತೆಯ ಚಿಕ್ಕ ಪೈಪು ಹಾಕಿ ನೋಡಿ. ಕೈಯಲ್ಲಿ ಹಿಡಿದು ಕಟ್ ಮಾಡುವ ಸಣ್ಣ ಮೆಷಿನ್ ಕೂಡ ನಿಮಿಷಕ್ಕೆ ಸುಮಾರು 100 ಲೀಟರ್ ಅಥವಾ ಅದಕ್ಕಿಂತ ಜಾಸ್ತಿ ಗಾಳಿ ಎಳೆಯುತ್ತದೆ. ಕಂಪ್ರೆಸರ್ ಮೇಲೆ ದೊಡ್ಡದಾಗಿ ಬರೆದ ಲೀಟರ್ ಲೆಕ್ಕ ಎಷ್ಟೋ ಸಲ ಒಳಗೆ ಎಳೆದುಕೊಳ್ಳುವ ಗಾಳಿಯದ್ದು. ಹೊರಗೆ ಸಿಗುವುದು ಅದಕ್ಕಿಂತ ಕಡಿಮೆ.

ಇನ್ನು ನಾಝಲ್ ಬೇಗ ಸುಡುವುದು. ಇದಕ್ಕೆ ನೀರನ್ನು ಮೊದಲು ಹಿಡಿಯಿರಿ. ಬರೀ ಗಾಳಿ ಬಿಟ್ಟು, ಟಾರ್ಚಿನ ಮುಂದೆ ಒಣ ಟಿಶ್ಯೂ ಕಾಗದ ಹಿಡಿಯಿರಿ. ಚುಕ್ಕೆ ಚುಕ್ಕೆಯಾಗಿ ಒದ್ದೆಯಾದರೆ ನೀರು ಬರುತ್ತಿದೆ. ಒಣಗಿದ ಮೇಲೂ ಹಳದಿ ಕಲೆ ಉಳಿದರೆ ಎಣ್ಣೆಯೂ ಇದೆ. ಟ್ಯಾಂಕಿನ ಕೆಳಗಿನ ಡ್ರೇನ್ ತೆರೆದು ನೀರು ಬಿಡಿ. ನೀರು ಹಿಡಿಯುವ ಫಿಲ್ಟರ್ ಕಂಪ್ರೆಸರ್‌ಗೆ ಅಂಟಿಕೊಂಡೇ ಇದ್ದರೆ ಅದರಿಂದ ಅಷ್ಟೇನೂ ಪ್ರಯೋಜನವಿಲ್ಲ. ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಆವಿಯಾಗಿಯೇ ದಾಟಿಹೋಗುತ್ತದೆ. ಪೈಪಿನಲ್ಲಿ ಬರುತ್ತಾ ತಣ್ಣಗಾದ ಮೇಲೆ ಹನಿಯಾಗುತ್ತದೆ. ಹಾಗಾಗಿ ಫಿಲ್ಟರ್ ಪ್ಲಾಸ್ಮಾ ಮೆಷಿನ್ ಹತ್ತಿರ ಇರಲಿ. ಎಣ್ಣೆ ಕಂಡರೆ ಲೈನಿನಲ್ಲಿ ಎಲ್ಲಾದರೂ ಲೂಬ್ರಿಕೇಟರ್ (ಗಾಳಿಗೆ ಎಣ್ಣೆ ಬೆರೆಸುವ ಡಬ್ಬಿ) ಇದೆಯಾ ಹುಡುಕಿ. ಗಾಳಿಯ ಗ್ರೈಂಡರ್‌ಗೆಂದು ಯಾರೋ ಕೂರಿಸಿರುತ್ತಾರೆ. ಅವರಿಗೆ ಅದು ಬೇಕು, ನಿಮ್ಮ ಟಾರ್ಚಿಗೆ ಅದೇ ವಿಷ. ಎರಡಕ್ಕೂ ಬೇರೆ ಬೇರೆ ಲೈನ್ ಮಾಡಿ.

ಈಗ ಟಾರ್ಚ್ ಬಿಚ್ಚಿ. ಬಿಚ್ಚುವ ಮೊದಲು ಪ್ಲಗ್ ಕಿತ್ತಿಡಿ, ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ಈ ಮೆಷಿನ್‌ಗಳಲ್ಲಿ ಟಾರ್ಚಿಗೆ 200 ವೋಲ್ಟಿಗಿಂತ ಜಾಸ್ತಿ ಡಿಸಿ ಬರುತ್ತದೆ. ಕ್ಯಾಪ್ ಬಿಚ್ಚಿದರೆ ಮೆಷಿನ್ ಆನ್ ಆಗದಂತೆ ತಡೆಯುವ ಸೆನ್ಸರ್ ಇದ್ದು, ಯಾರಾದರೂ ಅದಕ್ಕೆ ವೈರ್ ಸುತ್ತಿ ಮೋಸ ಮಾಡಿದ್ದರೆ ಮೊದಲು ಆ ವೈರ್ ಬಿಚ್ಚಿ. ಹಂಚಿಕೊಂಡ ಜಾಗಗಳಲ್ಲಿ ಇದೂ ನಡೆಯುತ್ತದೆ.

ನಾಝಲ್ ಒಳಗಿರುವ ಎಲೆಕ್ಟ್ರೋಡಿನ ತುದಿ ನೋಡಿ. ತಾಮ್ರದ ನಡುವೆ ಬೂದುಬಣ್ಣದ ಸಣ್ಣ ಚುಕ್ಕೆ ಇದೆಯಲ್ಲ, ಅದು ಹಾಫ್ನಿಯಂ. ಆರ್ಕ್ ಹುಟ್ಟುವುದು ಅಲ್ಲಿಂದಲೇ. ಹೊಸದರಲ್ಲಿ ಅದು ತಾಮ್ರಕ್ಕೆ ಸಮವಾಗಿರುತ್ತದೆ, ಸವೆದಂತೆ ಗುಂಡಿ ಬೀಳುತ್ತದೆ. ಗುಂಡಿ ಸುಮಾರು 1.5 ಮಿ.ಮೀ. ಆಳವಾದರೆ ಬದಲಾಯಿಸಿ. ಇನ್ನೂ ಸವೆಸಿದರೆ ತಾಮ್ರವೇ ಉರಿದು ಆರ್ಕ್ ಹಸಿರು ಹಸಿರಾಗುತ್ತದೆ. ನಾಝಲನ್ನು ಬೆಳಕಿಗೆ ಹಿಡಿದು ನೋಡಿ. ತೂತು ದುಂಡಗಿರಬೇಕು. ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಕಟ್ ಓರೆ ಬರುತ್ತದೆ, ಆಗ ಎಸೆಯಿರಿ.

ಒಂದೇ ಡಬ್ಬಿಯಲ್ಲಿ ಎಲ್ಲ ನಾಝಲ್ ಸುರಿದಿಟ್ಟಿದ್ದಾರಾ? ಹಾಗಿದ್ದರೆ ಇವತ್ತೇ ಬೇರೆ ಮಾಡಿ. ನಾಝಲ್ ತೂತಿನ ಅಳತೆ ಕರೆಂಟಿಗೆ ತಕ್ಕಂತೆ ಇರುತ್ತದೆ. 40 ಆಂಪಿನದನ್ನು ಹಾಕಿ 60ಕ್ಕೆ ತಿರುಗಿಸಿದರೆ ಅದು ನೋಡನೋಡುತ್ತಲೇ ಹೋಗುತ್ತದೆ. ಒಳಗಿನ ಸ್ವರ್ಲ್ ರಿಂಗ್ ಕೂಡ ನೋಡಿ. ಗಾಳಿಯನ್ನು ಸುತ್ತಿಸಿ ಆರ್ಕನ್ನು ನಡುವೆ ನಿಲ್ಲಿಸುವುದು ಅದೇ. ಬಿರುಕು ಬಿಟ್ಟಿದ್ದರೆ ಅಥವಾ ಯಾರೋ ಜೋಡಿಸುವಾಗ ಮರೆತಿದ್ದರೆ ಎಷ್ಟು ಹೊಸ ನಾಝಲ್ ಹಾಕಿದರೂ ದಂಡ. ಇನ್ನೊಂದು ಚಾಳಿ: ಬಂದವರೆಲ್ಲ ಸುಮ್ನೆ ಗಾಳಿಯಲ್ಲಿ ಟ್ರಿಗರ್ ಒತ್ತಿ "ಕೆಲಸ ಮಾಡ್ತಿದೆಯಾ" ಎಂದು ನೋಡುವುದು. ಪೈಲಟ್ ಆರ್ಕ್ (ಶೀಟಿಗೆ ಹತ್ತುವ ಮೊದಲು ಟಾರ್ಚಿನಲ್ಲೇ ಹೊತ್ತುವ ಆರ್ಕ್) ಉರಿದಷ್ಟು ಹೊತ್ತೂ ಎಲೆಕ್ಟ್ರೋಡ್, ನಾಝಲ್ ಎರಡೂ ಸವೆಯುತ್ತವೆ. ಕಟ್ ಮುಗಿದ ಕೂಡಲೇ ಮೆಷಿನ್ ಆಫ್ ಮಾಡುವುದೂ ತಪ್ಪು, ಗಾಳಿ ತಾನಾಗಿ ನಿಲ್ಲಲಿ.

ಅರ್ಥ್ ಕ್ಲಾಂಪನ್ನು ಮೇಜಿಗೆ ಹಾಕಬೇಡಿ, ಕಟ್ ಮಾಡುವ ತುಂಡಿಗೇ ಹಾಕಿ. ಅದೂ ಪೇಂಟ್, ತುಕ್ಕು ಉಜ್ಜಿ ತೆಗೆದ ಜಾಗಕ್ಕೆ, ಕೆಳಗೆ ಬೀಳುವ ಭಾಗಕ್ಕಲ್ಲ. ಪೈಲಟ್ ಆರ್ಕ್ ಬಂದು ಶೀಟಿಗೆ ಹತ್ತದಿದ್ದರೆ ಬಹುತೇಕ ಇದೇ ಕಾರಣ. ತೆಳು ವೈರಿನ ಉದ್ದ ಎಕ್ಸ್‌ಟೆನ್ಶನ್ ಬಳಸುತ್ತಿದ್ದರೆ ಅದನ್ನೂ ತೆಗೆದು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಿ. ಹಳದಿ ದೀಪ ಹತ್ತಿ ನಿಂತರೆ ಅದು ಬಹುಶಃ ಬಿಸಿಯಾಗಿದೆ ಅಷ್ಟೇ. 35% ಡ್ಯೂಟಿ ಸೈಕಲ್ ಎಂದರೆ 10 ನಿಮಿಷದಲ್ಲಿ ಮೂರೂವರೆ ನಿಮಿಷ ಕಟಿಂಗ್, ಉಳಿದದ್ದು ವಿಶ್ರಾಂತಿ.

ಇದೆಲ್ಲ ಸರಿಯಿದ್ದೂ ಆರಿದರೆ, ಪ್ಲಗ್ ಕಿತ್ತು ಟ್ರಿಗರ್ ವೈರಿಗೆ ಮಲ್ಟಿಮೀಟರನ್ನು ಬೀಪ್ ಸೆಟ್ಟಿಂಗ್‌ನಲ್ಲಿಟ್ಟು ಹಿಡಿಯಿರಿ. ಟ್ರಿಗರ್ ಒತ್ತಿಕೊಂಡೇ ಟಾರ್ಚಿನ ಹಿಡಿಯ ಬುಡದಲ್ಲಿ ಕೇಬಲನ್ನು ಅತ್ತಿತ್ತ ಬಗ್ಗಿಸಿ. ಬೀಪ್ ಬಂದು ಹೋಗಿ ಮಾಡಿದರೆ ಒಳಗೆ ತಂತಿ ತುಂಡಾಗಿದೆ, ಬಹಳ ಜನರ ಕೈಗೆ ಸಿಗುವ ಟಾರ್ಚ್ ಮುರಿಯುವುದೇ ಅಲ್ಲಿ. ಅಲ್ಲೂ ಏನೂ ಸಿಗದಿದ್ದರೆ ಮಾತ್ರ ರಿಪೇರಿಯವರಿಗೆ ಕೊಡಿ. ಪೆಟ್ಟಿಗೆಯನ್ನು ನೀವೇ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಕೊಡುವಾಗ ಗಾಳಿ ಹರಿಯುತ್ತಿದ್ದಾಗ ಗೇಜ್ ಎಷ್ಟು ತೋರಿಸಿತು ಎಂದು ಚೀಟಿಯಲ್ಲಿ ಬರೆದು ಅಂಟಿಸಿ, ಅವರು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.